ಮಹೇಶ್ವರಿ ಮೇಡಂ ಮತ್ತು ನಿದ್ದೆಯ ಪಾಠ

ಸಿಂಧನೂರಿನಲ್ಲಿ ಒಂದು ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಶರಣಬಸವ ಎನ್ನುವವರ ಇಂಗ್ಲಿಷ್ ಕ್ಲಾಸು ಇದೆ. ಮೆಟ್ಟಿಲು ಹತ್ತುವಾಗಲೇ ಯೂರಿಯಾ ವಾಸನೆ ಮೂಗಿಗೆ ಬಡಿಯುತ್ತದೆ, ಒಳಗೆ ಹೋಗಿ ಕೂತರೆ ಸ್ವಲ್ಪ ಹೊತ್ತಿಗೆ ರೂಢಿಯಾಗುತ್ತದೆ. ಬೋರ್ಡಿನ ಮೇಲೆ ಹೆಸರು ಶರಣಬಸವ ಸರ್ ಅವರದು. ಪಾಠ ಮಾಡುವವಳು ಮಹೇಶ್ವರಿ. ಬಟ್ಟೆ ಅಂಗಡಿಯ ಹುಡುಗಿಯರು, ಬ್ಯಾಂಕಿನ ಪರೀಕ್ಷೆಗೆ ಕೂರುವವರು, ರೈಸ್ ಮಿಲ್ಲಿನ ಗುಮಾಸ್ತರು, ಅಂಥವರೇ ಅವಳ ವಿದ್ಯಾರ್ಥಿಗಳು. ಅವರಲ್ಲಿ ಕೆಲವರು ಅವಳಿಗಿಂತ ದೊಡ್ಡವರು. ಆದರೂ ಎಲ್ಲರ ಬಾಯಲ್ಲೂ ಅವಳು ‘ಮೇಡಂ’.

ಲಿಂಗಸುಗೂರಿನ ಕಡೆಯ ಕುರಿ ಕಾಯುವವರ ಮನೆತನದ ಹೆಣ್ಣುಮಗಳು ಅವಳು. ಅಪ್ಪ ಮಾಳಿಂಗರಾಯ ವರ್ಷದ ಅರ್ಧಭಾಗ ಕುರಿಗಳ ಹಿಂದೆ ಊರೂರು ಅಲೆಯುತ್ತಿದ್ದುದರಿಂದ ಮಗಳನ್ನು ಲಿಂಗಸುಗೂರಿನ ಹಾಸ್ಟೆಲಿಗೆ ಹಾಕಿದ್ದ. ಅಲ್ಲಿಗೆ ಒಂದು ವರ್ಷ ಹೊರರಾಜ್ಯದ ವಾರ್ಡನ್ ಬಂದರು, ಅವರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಸಾರಿನಲ್ಲಿ ಹುಳ ಇದೆ ಎಂದು ಅವರಿಗೆ ತಿಳಿಸಲು ಯಾರಾದರೂ ಒಬ್ಬಳು ಇಂಗ್ಲಿಷ್ ಕಲಿಯಲೇಬೇಕಾಯಿತು. ಆ ಒಬ್ಬಳು ಮಹೇಶ್ವರಿ ಆದಳು. ನೀರಿಗಾಗಿ ಕಲಿತದ್ದು ಮುಂದೆ ಬಿಎಗೆ ಬಂತು, ಬಿಎ ಆದಮೇಲೆ ಹೊಟ್ಟೆಪಾಡಿಗೆ ಬಂತು.

ಗಂಡ ಮಲ್ಲೇಶ ಮಸ್ಕಿಯವನು. ಸ್ವಂತದ ಒಂದು ಕ್ರೂಸರ್ ಗಾಡಿ ಇಟ್ಟುಕೊಂಡಿದ್ದ. ಪಾಮನಕಲ್ಲೂರಿನ ಕಡೆ ಮಳೆ ನಂಬಿದ ಹೊಲಗಳು. ಬಿತ್ತನೆ ಆದಮೇಲೆ ಹೆಣ್ಣುಮಕ್ಕಳಿಗೆ ಕೆಲಸ ಇರುವುದಿಲ್ಲ. ಕಾಲುವೆ ನೀರಿನ ತುರ್ವಿಹಾಳದಲ್ಲಿ ಅದೇ ಹೊತ್ತಿಗೆ ನೆಲ್ಲು ಹಚ್ಚಲು ಆಳು ಸಾಲುವುದಿಲ್ಲ. ಹೀಗಾಗಿ ಮಲ್ಲೇಶ ನಸುಕಿನಲ್ಲಿ ಎದ್ದು ಪಾಮನಕಲ್ಲೂರಿಗೆ ಹೋಗಿ, ಹೆಂಗಸರನ್ನು ತುಂಬಿಕೊಂಡು ತುರ್ವಿಹಾಳದ ಗದ್ದೆಗಳಿಗೆ ಮುಟ್ಟಿಸಿ, ಸಂಜೆ ತಿರುಗಿ ಕರೆತರುತ್ತಿದ್ದ. ಆಳುಗಳನ್ನು ಕೂಡಿಸುವ ಮೇಸ್ತ್ರಿ ಹುಲಿಗೇಶ ಹೇಳಿದ ಕಡೆಗೆ ಗಾಡಿ ಹೋಗಬೇಕು.

ಆ ಗಾಡಿಯ ಮುಂದಿನ ಸೀಟು ಯಮನಮ್ಮನದು. ಐವತ್ತು ದಾಟಿದ ಹೆಂಗಸು, ಮಾತಿನ ಮಲ್ಲಿ. ಹಿಂದೆ ಕೂತವರೆಲ್ಲ ಗಾಡಿ ಊರು ಬಿಡುವಷ್ಟರಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಿದ್ದೆ ಹೋಗುತ್ತಿದ್ದರು. ಯಮನಮ್ಮ ಮಾತ್ರ ಮಲಗುತ್ತಿರಲಿಲ್ಲ.

“ನಾವೆಲ್ಲಾ ಮಕ್ಕೊಂಡ್ರ ಈ ಹುಡುಗನ ಕಣ್ಣೂ ಎಳಿತಾವ. ಒಬ್ರಾರ ಮಾತಾಡ್ಕೋತ ಕುಂದರಬೇಕಪ್ಪಾ,” ಎಂದು ತಾನೇ ಆ ಕೆಲಸ ವಹಿಸಿಕೊಂಡಿದ್ದಳು. ಸೊಸೆಯ ಮೇಲಿನ ಸಿಟ್ಟು, ಎಮ್ಮೆ ಈದದ್ದು, ಪಕ್ಕದ ಮನೆಯವರು ಗೋಡೆ ಒತ್ತಿ ಕಟ್ಟಿದ್ದು, ಎಲ್ಲವನ್ನೂ ಮಲ್ಲೇಶ ಕೇಳಬೇಕು. ಹೀಗೆ ಮಾತಿನ ನಡುವೆ ಒಂದು ದಿನ ಅವಳೇ ಕೇಳಿದಳಂತೆ, “ನಿನ್ನ ಹೇಣ್ತಿ ಇಂಗ್ಲಿಷ್ ಕಲಸ್ತಾಳಂತಲ್ಲೋ ತಮ್ಮಾ. ನನ್ನ ಮಗಳು ಸಿಂಧನೂರಾಗ ಬಟ್ಟಿ ಅಂಗಡಿಯಾಗ ಅದಾಳ. ಆಕಿಗೊಂದೀಟು ಕಲಸಂತ ಹೇಳು.”

ಹಾಗೆ ಕ್ಲಾಸಿಗೆ ಬಂದವಳು ಜ್ಯೋತಿ. ಸಣ್ಣ ದನಿಯ ಹುಡುಗಿ. ಕೊನೆಯ ಬೆಂಚಿನಲ್ಲಿ ಕೂರುವಳು. ಕೇಳಿದರೆ ಮಾತ್ರ ಉತ್ತರ ಕೊಡುವಳು, ಕೊಟ್ಟ ಉತ್ತರ ಬಹಳ ಮಟ್ಟಿಗೆ ಸರಿ ಇರುತ್ತಿತ್ತು.

ನಾಟಿಯ ಕಾಲದಲ್ಲೇ ಒಂದು ಮದುವೆಯ ಬಾಡಿಗೆ ಬಂತು. ಮಲ್ಲೇಶ ಲಿಂಗಸುಗೂರಿಗೆ ಬೀಗರನ್ನು ಕರೆದೊಯ್ದು, ಊಟ, ಮೆರವಣಿಗೆ ಎಲ್ಲ ಮುಗಿಯುವ ತನಕ ಕಾದು, ಅವರನ್ನು ತಿರುಗಿ ಬಿಟ್ಟು ಮನೆಗೆ ಬಂದಾಗ ಕೋಳಿ ಕೂಗುವ ಹೊತ್ತು ದೂರ ಇರಲಿಲ್ಲ. ಅಂಗಿ ಕೂಡ ಬಿಚ್ಚದೆ ಅಡ್ಡಾದ. ಅವನ ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಮಹೇಶ್ವರಿ ಚಹಾ ತಂದು ಭುಜ ಅಲುಗಾಡಿಸಿದಳು.

“ಇವತ್ತೊಂದಿನ ಬ್ಯಾಡ ಅನಸಾಕತ್ತೈತಿ,” ಎಂದ ಅವನು, ಕಣ್ಣು ತೆರೆಯದೆ.

“ಪಾಪ ಹೆಣ್ಮಕ್ಕಳು ಬುತ್ತಿ ಕಟ್ಟಿಕೊಂಡು ದಾರಿಗೆ ಬಂದು ನಿಂತಿರ್ತಾರ. ಏಳ್ರಿ. ಹೋಗಿ ಬಿಟ್ಟು ಬಂದು ಮಕ್ಕೋಳ್ರಿ,” ಎಂದಳು ಅವಳು. ಅವನು ಮತ್ತೆ ಮಗ್ಗುಲಾದ. ಅವಳು ಮತ್ತೆ ಎಬ್ಬಿಸಿದಳು. ಮುಖಕ್ಕೆ ನೀರು ಎರಚಿಕೊಂಡು, ಚಹಾ ಕುಡಿದು ಅವನು ಹೋದ.

ತುರ್ವಿಹಾಳ ಇನ್ನೇನು ಬಂತು ಅನ್ನುವಲ್ಲಿ ಗಾಡಿ ರಸ್ತೆ ಬಿಟ್ಟು ಎಡಕ್ಕೆ ಇಳಿದು ದೊಡ್ಡ ಜಾಲಿಮರಕ್ಕೆ ಗುದ್ದಿತು. ಹಿಂದೆ ಕೂತವರಿಗೆ ಕೈಕಾಲಿಗೆ ಪೆಟ್ಟಾಯಿತು, ಹಲ್ಲು ಮುರಿಯಿತು, ಜೀವಕ್ಕೆ ಏನೂ ಆಗಲಿಲ್ಲ. ಮಲ್ಲೇಶನ ಬಲಗೈ ಎರಡು ಕಡೆ ಮುರಿಯಿತು. ಯಮನಮ್ಮ ಕೂತಲ್ಲೇ ಸತ್ತಿದ್ದಳು.

ಮಹೇಶ್ವರಿ ಸಿಂಧನೂರಿನ ಆಸ್ಪತ್ರೆಗೆ ಓಡಿ ಬಂದಾಗ ಮಲ್ಲೇಶನಿಗೆ ಎಚ್ಚರ ಇತ್ತು. ಅವಳನ್ನು ನೋಡಿ ಅವನು ಮೊದಲು ಹೇಳಿದ್ದು ಒಂದೇ ಮಾತು. “ಕಣ್ಣು ಹತ್ತಿಬಿಡ್ತು, ಮಹೇಶಿ.”

ಅವಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹುಲಿಗೇಶ ಮಂಚದ ಹತ್ತಿರ ಬಂದು ಬಗ್ಗಿದ. “ಆ ಮಾತು ಇನ್ನೊಮ್ಮಿ ಆಡಬ್ಯಾಡ. ಎಮ್ಮಿ ಅಡ್ಡ ಬಂತು ಅನ್ನು. ನಿದ್ದಿ ಅಂದ್ರ ಜೈಲು, ಎಮ್ಮಿ ಅಂದ್ರ ದೈವ. ಹಿಂದಿನವ್ರು ಎಲ್ಲಾರೂ ಮಕ್ಕೊಂಡಿದ್ರು, ನೋಡಿದವ್ರು ಯಾರೂ ಇಲ್ಲ,” ಎಂದ. ಆಮೇಲೆ ಮಹೇಶ್ವರಿಯ ಕಡೆ ತಿರುಗಿ, “ಹೌದಿಲ್ಲವಾ ತಂಗಿ?” ಎಂದ.

ಅವಳು ಮಲ್ಲೇಶನ ಹೊದಿಕೆ ಸರಿಮಾಡಿದಳು. ಪೊಲೀಸರು ಬಂದು ಬರೆದುಕೊಂಡರು. ಮಲ್ಲೇಶ ಎಮ್ಮೆ ಎಂದ. ಯಾವ ಬಣ್ಣದ್ದು ಎಂದು ಅವರು ಕೇಳಲಿಲ್ಲ, ಎಮ್ಮೆಗೆ ಎಷ್ಟು ಬಣ್ಣ ಇರುತ್ತವೆ?

ಮಣ್ಣಿಗೆ ಅವಳೊಬ್ಬಳೇ ಪಾಮನಕಲ್ಲೂರಿಗೆ ಹೋದಳು. ಹೆಂಗಸರು ಎದೆ ಎದೆ ಬಡಿದುಕೊಂಡು ಹಾಡಿಕೊಂಡು ಅಳುತ್ತಿದ್ದರು. ಜ್ಯೋತಿ ಗೋಡೆಗೆ ಒರಗಿ ಕೂತಿದ್ದಳು, ಅವಳಣ್ಣ ಯಂಕೋಬ ಬಾಗಿಲಲ್ಲಿ ನಿಂತಿದ್ದ. ಡ್ರೈವರನ ಹೆಂಡತಿ ಬಂದಳೆಂದು ಯಾರೋ ಜಾಗ ಬಿಟ್ಟರು, ಯಾರೋ ನೀರು ಕೊಟ್ಟರು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಎಮ್ಮೆ ಬಂದರೆ ಅವನಾದರೂ ಏನು ಮಾಡಬೇಕು ಎಂದು ಮುದುಕಿಯೊಬ್ಬಳು ಸಮಾಧಾನ ಕೂಡ ಮಾಡಿದಳು. ಮಹೇಶ್ವರಿಗೆ ಅಳು ಬರಲಿಲ್ಲ. ಬರಲಿ ಎಂದು ಕಾದಳು. ಯಮನಮ್ಮನ ಕಾಲಿನ ಬೆರಳುಗಳ ಸಂದಿಯಲ್ಲಿ ನೀರು ತಿಂದ ಬಿಳಿ ಹುಣ್ಣುಗಳಿದ್ದವು, ದಿನವಿಡೀ ಕೆಸರಲ್ಲಿ ನಿಂತು ಸಸಿ ಹಚ್ಚುವವರಿಗೆ ಆಗುವಂಥವು. ಅವನ್ನೇ ನೋಡುತ್ತ ನಿಂತಳು. ಆಮೇಲೆ ಬಸ್ಸು ಹತ್ತಿ ಮನೆಗೆ ಬಂದು ಗಂಡನಿಗೆ ಗಂಜಿ ಕಾಯಿಸಿದಳು.

ಅಂದಿನಿಂದ ಅವಳ ದಿನಗಳು ಒಂದರ ಹಿಂದೆ ಒಂದು ಹೋದವು. ರೊಟ್ಟಿ ಬಡಿದಳು, ಬಟ್ಟೆ ಒಗೆದಳು, ಎಡಗೈಯಲ್ಲಿ ಉಣ್ಣಲು ಬಾರದ ಗಂಡನಿಗೆ ಉಣಿಸಿದಳು, ಬಸ್ಸು ಹಿಡಿದು ಸಿಂಧನೂರಿಗೆ ಹೋದಳು, ಪಾಠ ಮಾಡಿದಳು. ಒಮ್ಮೆ ಕಾದ ಹಂಚು ಬರಿಗೈಯಲ್ಲಿ ಹಿಡಿದುಬಿಟ್ಟಳು. ಬೊಬ್ಬೆ ಎದ್ದಮೇಲೆ ಗೊತ್ತಾಯಿತು. ಅವಳಿಗೆ ವಿಚಿತ್ರ ಅನಿಸಿದ್ದು ತನ್ನ ನಿದ್ದೆ. ಹಾಸಿಗೆಗೆ ಬೆನ್ನು ಹಚ್ಚಿದರೆ ಸಾಕು, ಕಲ್ಲು ನೀರಿಗೆ ಬಿದ್ದಂತೆ ನಿದ್ದೆ ಬರುತ್ತಿತ್ತು. ಮಲ್ಲೇಶ ಮಾತ್ರ ಗೋಡೆಗೆ ದಿಂಬು ಇಟ್ಟು ಕೂತೇ ಇರುತ್ತಿದ್ದ. ನಿದ್ದೆ ಮಾಡ್ರಿ ಎಂದು ಅವಳು ಹೇಳುವಂತಿರಲಿಲ್ಲ.

ತಾಯಿಯ ದಿನಕರ್ಮ ಮುಗಿಸಿಕೊಂಡು ಜ್ಯೋತಿ ತಿರುಗಿ ಕೆಲಸಕ್ಕೆ ಬಂದಳು, ಕ್ಲಾಸಿಗೂ ಬಂದಳು. ಆ ದಿನ ಪಾಠ ಯಾವುದು ಎಂದು ಮಹೇಶ್ವರಿ ಮೊದಲೇ ನೋಡಿಕೊಂಡಿರಲಿಲ್ಲ. ಶರಣಬಸವ ಸರ್ ಮಾಡಿಸಿದ ಪುಸ್ತಕ ತೆರೆದಾಗ, ಬೆಳಗಾಗೆದ್ದು ಹಲ್ಲುಜ್ಜುವುದು, ಸ್ನಾನ, ಊಟ ಎಲ್ಲ ಮುಗಿದು ಮುಂದಿನದು ನಿದ್ದೆ ಎಂದಿತ್ತು. ಬೇರೆ ಪಾಠ ತೆಗೆಯಬಹುದಿತ್ತು. ಅಷ್ಟು ಯೋಚಿಸುವ ಚೈತನ್ಯ ಅವಳಲ್ಲಿರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಬರೆಯತೊಡಗಿದಳು.

“ಗೋ ಟು ಬೆಡ್ ಅಂದರೆ ಹಾಸಿಗೆಗೆ ಹೋಗೋದು. ನಿದ್ದೆ ಬಂದಿರಬೇಕು ಅಂತಿಲ್ಲ. ಗೋ ಟು ಸ್ಲೀಪ್ ಅಂದರೆ ನಿದ್ದೆಗೆ ಜಾರೋದು. ಡೋಜ್ ಆಫ್ ಅಂದರೆ ಜೊಂಪು ಹತ್ತೋದು, ಮಧ್ಯಾಹ್ನ ಉಂಡಮೇಲೆ ಕುರ್ಚಿಯಾಗ ಕೂತಾಗ ಆಗ್ತದಲ್ಲ, ಅದು. ನಾಡ್ ಆಫ್ ಅಂದರೆ ತೂಕಡಿಸೋದು, ತಲಿ ಹಿಂಗ ಮುಂದಕ್ಕ ಬೀಳ್ತದ. ಡ್ರಿಫ್ಟ್ ಆಫ್ ಅಂದರೆ ಮೆಲ್ಲಕ, ಕಾಲುವ್ಯಾಗ ಎಲಿ ತೇಲಿ ಹೋದಂಗ.”

‘ಹಿಟ್ ದ ಸ್ಯಾಕ್’ ಬಂದಾಗ ಮಿಲ್ಲಿನ ಗುಮಾಸ್ತ ಗಾಳೆಪ್ಪ ನಕ್ಕ. “ಚೀಲಕ್ಕ ಹೊಡಿಯೋದು ಅಂದ್ರ ಮಕ್ಕೊಳ್ಳೋದೇನ್ರೀ ಮೇಡಂ? ನಮ್ಮ ಹಮಾಲರು ದಿನಾ ಚೀಲ ಹೊಡಿತಾರ, ಮಾಲಕ ಮಕ್ಕೊಳ್ಳಾಕ ಬಿಡಂಗಿಲ್ಲ.” ಎಲ್ಲರೂ ನಕ್ಕರು. ಮಹೇಶ್ವರಿ, ಹಿಂದಿನ ಕಾಲದಲ್ಲಿ ಆ ದೇಶದವರು ಚೀಲಕ್ಕೆ ಹುಲ್ಲು ತುಂಬಿ ಮಲಗುತ್ತಿದ್ದರಂತೆ ಎಂದು ತಿಳಿಸಿ ಹೇಳಿದಳು. ದನಿ ಎಲ್ಲೂ ಏರಲಿಲ್ಲ, ಇಳಿಯಲಿಲ್ಲ.

ಕೊನೆಗೆ ‘ಫಾಲ್ ಅಸ್ಲೀಪ್’ ಬರೆದಳು. “ನಿದ್ದಿ ಹತ್ತೋದು. ಐ ಫೆಲ್ ಅಸ್ಲೀಪ್. ನನಗ ನಿದ್ದಿ ಹತ್ತಿತು.”

ಮುಸರತ್ ಎಂಬಾಕೆ ಕೈ ಎತ್ತಿದಳು. ದವಾಖಾನೆಯೊಂದರ ಕೌಂಟರಿನಲ್ಲಿ ಕೂರುವವಳು, ಏನಾದರೊಂದು ಕೇಳದೆ ಬಿಡುವವಳಲ್ಲ. “ಮೇಡಂ, ನಾವು ‘ನನಗ ನಿದ್ದಿ ಹತ್ತಿತು’ ಅಂತೀವಿ. ನಿದ್ದಿನೇ ಬಂದು ಹತ್ತತೈತಿ, ನಮ್ಮದೇನೂ ಇಲ್ಲ ಅದ್ರಾಗ. ಇಲ್ಲಿ ನೋಡಿದ್ರ ‘ನಾನು ಬಿದ್ದೆ’ ಅಂದಂಗ ಆತಲ್ರೀ?”

“ಹೌದು,” ಎಂದಳು ಮಹೇಶ್ವರಿ. “ಇಂಗ್ಲಿಷ್‌ನಾಗ ಮನಷ್ಯಾನ ಬೀಳ್ತಾನ.”

ಆಗ ಕೊನೆಯ ಬೆಂಚಿನಿಂದ ಜ್ಯೋತಿಯ ದನಿ ಬಂತು. “ಗಾಡಿ ಹೊಡಿಯಾಕತ್ತಾಗ ಡ್ರೈವರ್‌ಗೆ ನಿದ್ದಿ ಹತ್ತಿದ್ರ ಏನಂತಾರ್ರೀ ಮೇಡಂ?”

ಕ್ಲಾಸಿನವರಿಗೆ ಅವಳ ತಾಯಿ ಸತ್ತದ್ದು ಗೊತ್ತಿತ್ತು, ಗಾಡಿ ಮೇಡಂ ಗಂಡನದೇ ಎಂಬುದೂ ಗೊತ್ತಿತ್ತು. ಕೆಳಗೆ ಅಂಗಡಿಯಲ್ಲಿ ಗೊಬ್ಬರದ ಚೀಲ ಇಳಿಸುವ ಸದ್ದು ಕೇಳುತ್ತಿತ್ತು.

“ಫಾಲ್ ಅಸ್ಲೀಪ್ ಅಟ್ ದ ವೀಲ್ ಅಂತಾರ. ವೀಲ್ ಅಂದರೆ ಇಲ್ಲಿ ಸ್ಟೇರಿಂಗ್,” ಎಂದಳು ಮಹೇಶ್ವರಿ. ಆಮೇಲೆ, ಎಲ್ಲರಿಗೂ ಕೇಳುವಂತೆಯೇ, “ವಾಕ್ಯ ಮಾಡು,” ಎಂದಳು.

ಜ್ಯೋತಿ ಎದ್ದು ನಿಂತಳು. “ದ ಡ್ರೈವರ್ ಫೆಲ್ ಅಸ್ಲೀಪ್ ಅಟ್ ದ ವೀಲ್.”

“ಕರೆಕ್ಟ್,” ಎಂದು ಮಹೇಶ್ವರಿ ಅದನ್ನು ಬೋರ್ಡಿನ ಮೇಲೆ ಬರೆದಳು. ಎಲ್ಲರೂ ಬರೆದುಕೊಂಡರು. ಬರೆದಾದಮೇಲೆ ಅದನ್ನು ಒರೆಸಿ ಮುಂದಿನ ಪುಟಕ್ಕೆ ಹೋದಳು. ಎದೆ ಹೊಡೆದುಕೊಳ್ಳುತ್ತದೆ ಅಂದುಕೊಂಡಿದ್ದಳು. ಹೊಡೆದುಕೊಳ್ಳಲಿಲ್ಲ.

ಸಂಜೆ ಮಸ್ಕಿಯ ಬಸ್ಸಿನಲ್ಲಿ ಒಂದೇ ಒಂದು ಸೀಟು ಖಾಲಿ ಇತ್ತು. ಅದರ ಪಕ್ಕದಲ್ಲಿ ಜ್ಯೋತಿ ಕೂತಿದ್ದಳು. ಮೊದಲು ಸಿಂಧನೂರಿನಲ್ಲೇ ಗೆಳತಿಯರ ಜೊತೆ ರೂಮಿನಲ್ಲಿರುತ್ತಿದ್ದ ಹುಡುಗಿ, ತಾಯಿ ಹೋದಮೇಲೆ ದಿನಾ ಊರಿಗೆ ಹೋಗಿ ಬರುತ್ತಿದ್ದಳು. ಮಸ್ಕಿಯಲ್ಲಿ ಇಳಿದು ಪಾಮನಕಲ್ಲೂರಿನ ಬಸ್ಸು ಹಿಡಿಯಬೇಕು. ಮಹೇಶ್ವರಿಯನ್ನು ನೋಡಿ ಕಿಟಕಿಗೆ ಸರಿದು ಜಾಗ ಮಾಡಿದಳು. ಮಹೇಶ್ವರಿ ಕೂತಳು.

ಬಸ್ಸು ಊರು ದಾಟಿತು. ರಸ್ತೆಯ ಎರಡೂ ಕಡೆ ಹೊಸದಾಗಿ ನಾಟಿ ಮಾಡಿದ ಗದ್ದೆಗಳಲ್ಲಿ ನೀರು ನಿಂತಿತ್ತು. ಹೇಳಿಬಿಡಬೇಕು ಎಂದು ಮಹೇಶ್ವರಿ ನಿರ್ಧಾರ ಮಾಡಿ ಪಕ್ಕಕ್ಕೆ ತಿರುಗಿದಳು. ಜ್ಯೋತಿಯ ತಲೆ ಒಮ್ಮೆ ಮುಂದಕ್ಕೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ದಿನವಿಡೀ ಅಂಗಡಿಯಲ್ಲಿ ನಿಂತು ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಚುವ ಹುಡುಗಿ. ಸ್ವಲ್ಪ ಹೊತ್ತಿಗೆ ಅವಳ ತಲೆ ಮಹೇಶ್ವರಿಯ ಹೆಗಲ ಮೇಲೆ ಬಂದು ನಿಂತಿತು. ತಲೆಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ. ಬಾಯಿ ಚೂರು ತೆರೆದಿತ್ತು.

ಮಹೇಶ್ವರಿ ಅಲುಗಾಡದೆ ಕೂತಳು. ಟಿಕೆಟ್ ಕೇಳಲು ಬಂದ ಕಂಡಕ್ಟರನಿಗೆ ಎರಡು ಬೆರಳು ತೋರಿಸಿ ಪಿಸುದನಿಯಲ್ಲಿ ಮಸ್ಕಿ ಎಂದಳು. ಹೆಗಲು ಜೋಮು ಹಿಡಿಯಿತು, ಕೈ ಜೋಮು ಹಿಡಿಯಿತು, ಆಮೇಲೆ ಕೈ ಇದೆಯೋ ಇಲ್ಲವೋ ಎಂಬುದೂ ತಿಳಿಯದಾಯಿತು. ಮಸ್ಕಿ ಬರುವ ತನಕ ಹಾಗೇ ಇದ್ದಳು.

ಬಸ್ಸು ನಿಂತಾಗ ಜ್ಯೋತಿ ಗಾಬರಿಯಿಂದ ಎದ್ದು ಸೆರಗು ಸರಿಮಾಡಿಕೊಂಡು, “ಸಾರಿ ಮೇಡಂ, ಗೊತ್ತಾಗಲೇ ಇಲ್ಲ,” ಎಂದಳು.

ಇಬ್ಬರೂ ಕೆಳಗಿಳಿದರು. ಬಸ್‌ಸ್ಟ್ಯಾಂಡಿನ ಕಟ್ಟೆಯ ಹತ್ತಿರ ಮಹೇಶ್ವರಿ ನಿಂತು ಹೇಳಿದಳು, “ಜ್ಯೋತಿ, ಎಮ್ಮಿ ಬಂದಿದ್ದಿಲ್ಲ.”

ಜ್ಯೋತಿ ಅವಳ ಮುಖ ನೋಡಲಿಲ್ಲ. ಚಪ್ಪಲಿಯ ತುದಿಯಿಂದ ನೆಲ ಕೆರೆದಳು. “ನಮ್ಮಣ್ಣ ಆ ಜಾಗಕ್ಕ ಹೋಗಿ ನೋಡಿ ಬಂದಾನ್ರಿ. ಬ್ರೇಕ್ ಹಾಕಿದ ಗುರುತ ಇಲ್ಲಂತ. ಯಾರ ಮುಂದೂ ಅಂದಿಲ್ಲ.”

“ರಾತ್ರಿ ಎಲ್ಲಾ ಬಾಡಿಗಿ ಹೊಡದು ಬಂದಿದ್ರು. ಇವತ್ತು ಬ್ಯಾಡ ಅಂದ್ರು. ನಾನ ಎಬ್ಬಿಸಿ ಕಳಿಸಿದೆ. ಎರಡು ಸಲ ಎಬ್ಬಿಸಿದೆ.” ಹೇಳುವುದು ಹೇಳಿಯಾಗಿತ್ತು. ತನ್ನ ಬಾಯಿಂದ ಬಂದ ಮಾತು ಬೇರೆ ಯಾರೋ ಆಡಿದಂತೆ ಅವಳಿಗೆ ಕೇಳಿಸಿತು.

ಹುಡುಗಿ ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಅಂದುಕೊಂಡಿದ್ದಳು. ಜ್ಯೋತಿ ಬೇರೆಯದೇ ಕೇಳಿದಳು. “ನಮ್ಮವ್ವ ಎಚ್ಚರ ಇದ್ಳೋ, ಮಕ್ಕೊಂಡಿದ್ಳೋ? ಆಕಿ ಗಾಡ್ಯಾಗ ಎಂದೂ ಮಕ್ಕೊಳ್ತಿದ್ದಿಲ್ಲ. ಮರ ಬಂದಿದ್ದು ನೋಡ್ಯಾಳೇನು? ಅದೊಂದ ನನಗ ಗೊತ್ತಾಗಬೇಕ್ರಿ ಮೇಡಂ.”

ಇದನ್ನು ಮಹೇಶ್ವರಿ ಗಂಡನಿಗೆ ಎಂದೂ ಕೇಳಿರಲಿಲ್ಲ. “ಬಾ,” ಎಂದಳು, “ಅವರನ್ನ ಕೇಳೋಣ.”

ಮನೆಯಲ್ಲಿ ಮಲ್ಲೇಶ ಕೈಗೆ ಪಟ್ಟಿ ಹಾಕಿಸಿಕೊಂಡು ಪಡಸಾಲೆಯಲ್ಲಿ ಕೂತಿದ್ದ. ಜ್ಯೋತಿಯನ್ನು ನೋಡಿ ಏಳಲು ಹೋಗಿ ಎಡವಿ, ಮತ್ತೆ ಕೂತ. ಮಹೇಶ್ವರಿ, “ಎಲ್ಲಾ ಹೇಳೇನಿ. ಆಕಿ ಒಂದು ಕೇಳ್ತಾಳ, ಹೇಳ್ರಿ,” ಎಂದಳು.

ಜ್ಯೋತಿ ಕೇಳಿದಳು.

ಮಲ್ಲೇಶ ಕೆಳಗೆ ನೋಡುತ್ತಲೇ ಮಾತಾಡಿದ. “ಅವತ್ತು ದೊಡ್ಡವ್ವಗ ಮೈ ಬೆಚ್ಚಗಿತ್ತು. ಹಿಂದಿನ ದಿನ ಮಳಿಯಾಗ ತೋಯ್ಸಿಕೊಂಡಿದ್ಳು. ಬರೋವಾಗೂ ಮಾತಾಡಾಕತ್ತಿದ್ಳು, ನಿನ್ನ ಸುದ್ದಿನ. ನನ್ನ ಮಗಳು ಫೋನಿನ್ಯಾಗ ಇಂಗ್ಲಿಷ್ ಮಾತಾಡಿದ್ಳು, ನನಗ ಒಂದೂ ತಿಳಿಲಿಲ್ಲ ಅಂತ ನಗಾಕತ್ತಿದ್ಳು. ಹಂಗ ಮಾತು ನಿಂತ್ವು. ತಿರುಗಿ ನೋಡಿದ್ರ ತಲಿ ಬಾಗಿಲಿಗೆ ಆನಿಸಿದ್ಳು. ಕಣ್ಣು ಹತ್ಯಾವ, ಮಕ್ಕೊಳ್ಳಲಿ ಪಾಪ ಅಂತ ಅಂದ್ಕೊಂಡೆ. ಎಬ್ಬಿಸಲಿಲ್ಲ. ಆಮ್ಯಾಲ ನನಗೂ…”

“ಆಕಿಗೆ ಮೊದಲು ಹತ್ತಿತ್ತೇನು?”

“ಆಕಿಗೇ ಮೊದಲು.”

“ಖರೇನ?”

“ಖರೇನವಾ ತಂಗಿ.”

ಜ್ಯೋತಿ ಅವನ ಮುಖವನ್ನೇ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿ, “ಹಂಗಾದ್ರ ನೋಡಿಲ್ಲ,” ಎಂದು ತನಗೆ ತಾನೇ ಹೇಳಿಕೊಂಡಳು. ಮಹೇಶ್ವರಿ ಕೊಟ್ಟ ನೀರು ಕುಡಿದಳು, ಚಹಾ ಬೇಡ ಎಂದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ನಮ್ಮಣ್ಣನ ಮುಂದೂ ಹಿಂಗ ಹೇಳ್ರಿ. ಅಂವಾ ಎಮ್ಮಿ ಸುದ್ದಿ ಕೇಳಿ ಕೇಳಿ ಒಳಗೊಳಗ ಕುದಿಯಾಕತ್ಯಾನ,” ಎಂದು ಬಸ್ಸಿಗೆ ಹೋದಳು.

ಗಂಡ ಹೇಳಿದ್ದು ನಿಜವೋ, ಹುಡುಗಿಗಾಗಿ ಹೇಳಿದ ಮಾತೋ ಎಂದು ಮಹೇಶ್ವರಿಗೆ ತಿಳಿಯಲಿಲ್ಲ. ಅವಳು ಕೇಳಲೂ ಇಲ್ಲ. ಒಲೆ ಹೊತ್ತಿಸಿದಳು.

ಮರುದಿನ ಮಲ್ಲೇಶ ಪಾಮನಕಲ್ಲೂರಿಗೆ ಹೋದ. ಯಂಕೋಬ ಅವನನ್ನು ಒಳಗೆ ಕರೆಯಲಿಲ್ಲ, ಹೊಡೆಯಲೂ ಇಲ್ಲ. ಕಟ್ಟೆಯ ಮೇಲೆ ಕೂರಿಸಿಕೊಂಡು ಪೂರ್ತಿ ಕೇಳಿದ. ಕೇಳಿ, “ಇದನ್ನ ಠಾಣೆದಾಗೂ ಹೇಳು,” ಎಂದು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ತಾನೇ ಕರೆದುಕೊಂಡು ಹೋದ. ಮಲ್ಲೇಶ ಹೇಳಿಕೆ ಬದಲಿಸಿದ. ಅದನ್ನು ಕೇಳಿ ಹುಲಿಗೇಶ ಮನೆಯ ಮುಂದೆ ಬಂದು ನಿಂತು, “ನಿನ್ನ ಇಂಗ್ಲಿಷಿಗೆ ಬೆಂಕಿ ಹತ್ಲಿ, ಕಟಗೊಂಡ ಗಂಡನ್ನ ಹಿಡಕೊಟ್ಟೆಲ್ಲವಾ,” ಎಂದು ಮಹೇಶ್ವರಿಯನ್ನು ಬೈದು ಹೋದ. ಅವಳು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದವಳು ತೊಳೆಯುತ್ತಲೇ ಇದ್ದಳು.

ಕೇಸು ಇನ್ನೂ ನಡೆಯುತ್ತಿದೆ. ಲೈಸೆನ್ಸು ಹೋಯಿತು. ಕೈ ಕೂಡಿದ ಮೇಲೆ ಮಲ್ಲೇಶ ಗಾಳೆಪ್ಪನ ಮಾತಿನ ಮೇಲೆ ಸಿಂಧನೂರಿನ ಒಂದು ರೈಸ್ ಮಿಲ್ಲಿಗೆ ಹೋಗತೊಡಗಿದ. ಅಂಗಳದಲ್ಲಿ ಹರವಿದ ನೆಲ್ಲನ್ನು ಬಿಸಿಲಲ್ಲಿ ಕಾಲಿನಿಂದ ಸಾಲು ಸಾಲಾಗಿ ಎಳೆಯುತ್ತ ತಿರುಗಾಡುವ ಕೆಲಸ. ಈಗ ಅವನಿಗೂ ಸ್ವಲ್ಪ ಸ್ವಲ್ಪ ನಿದ್ದೆ ಬರುತ್ತದೆ.

ಜ್ಯೋತಿ ಆ ಬ್ಯಾಚು ಮುಗಿಯುವ ತನಕ ಬಂದಳು. ಕೊನೆಯ ಬೆಂಚನ್ನು ಬಿಡಲಿಲ್ಲ, ‘ಮೇಡಂ’ ಎನ್ನುವುದನ್ನೂ ಬಿಡಲಿಲ್ಲ. ಆ ಸಂಜೆಯ ಮಾತು ಇಬ್ಬರೂ ಮತ್ತೆ ಎತ್ತಲಿಲ್ಲ. ಆಮೇಲೆ ಲಿಂಗಸುಗೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬೊಂದರ ಕೌಂಟರಿನಲ್ಲಿ ಕೆಲಸ ಸಿಕ್ಕಿ ಹೋದಳು. ಹೋಗುವ ಮುನ್ನ ಪೇಢೆಯ ಡಬ್ಬಿ ತಂದು ಎಲ್ಲರಿಗೂ ಹಂಚಿದಳು. ಮೇಡಂಗೂ ಒಂದು ಕೊಟ್ಟಳು.

ಮಹೇಶ್ವರಿ ಅದನ್ನು ಬಾಯಿಗೆ ಹಾಕಿಕೊಂಡಳು. ಸಿಹಿ ಇತ್ತು. ಸಿಹಿ ಇದೆ ಎಂದು ಗೊತ್ತಾದದ್ದೇ ಅವಳಿಗೆ ಬಹಳ ದಿನಗಳ ಮೇಲೆ. ಪೇಢೆ ಸುತ್ತಿದ್ದ ಕಾಗದ ಮಡಚಿ ಕಿಟಕಿಯಲ್ಲಿಟ್ಟು, ಹೊಸ ಬ್ಯಾಚಿನವರು ಮೆಟ್ಟಿಲು ಹತ್ತಿ ಬರುವುದನ್ನು ಕೇಳುತ್ತ ಬೋರ್ಡು ಒರೆಸಿದಳು.